ಬುದ್ಧಿಹಲ್ಲಿನ ಬಾಧೆ



ಮನುಷ್ಯನ ಬಾಯಲ್ಲಿ ೩೨ ಹಲ್ಲುಗಳಿರುತ್ತವೆಂದು ನಾವೆಲ್ಲರೂ ಬಾಲ್ಯದಲ್ಲಿ ಓದಿದವರೇ. ಆದರೆ ಕನ್ನಡಿಯ ಮುಂದೆ ನಿಂತು ಎಣಿಸಿ ನೋಡಿದವರಿಗೆ ಈ ಲೆಕ್ಕವು ಯಾವಾಗಲೂ ಸರಿಹೊಂದುವುದಿಲ್ಲವೆಂಬುದು ತಿಳಿದಿದೆ. ಕೆಲವರಿಗೆ ೨೮ಕ್ಕೇ ಎಣಿಕೆ ಮುಗಿಯುತ್ತದೆ. ಕೆಲವರಿಗೆ ೨೯, ಕೆಲವರಿಗೆ ೩೦. ಕೊರತೆ ಬೀಳುವ ಸ್ಥಳವಾದರೋ ಬಹುಮಟ್ಟಿಗೆ ಒಂದೇ: ಮೇಲಿನ ಮತ್ತು ಕೆಳಗಿನ ದವಡೆಗಳ ಕಟ್ಟಕಡೆಯ ಮೂಲೆಗಳು. ಅಲ್ಲಿ ಹುಟ್ಟಬೇಕಾದ ಹಲ್ಲು ಕೆಲವರಲ್ಲಿ ಹುಟ್ಟುವುದೇ ಇಲ್ಲ. ಹಲವರಲ್ಲಿ ಹುಟ್ಟಿಯೂ ಹೊರಗೆ ಬರುವುದಿಲ್ಲ. ಹೀಗೆ ಹುಟ್ಟಿಯೂ ಹೊರಬರಲಾರದೆ ಎಲುಬಿನಲ್ಲಿಯೋ ವಸಡಿನಲ್ಲಿಯೋ ಸಿಕ್ಕಿಬಿದ್ದ ಹಲ್ಲನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇವೆ.

ಮೈಸೂರು ಸೀಮೆಯಲ್ಲಿ ಇದಕ್ಕೆ ಬುದ್ಧಿಹಲ್ಲೆಂದು ಹೆಸರು. ಮರಾಠಿಯ ನೆರೆಯಲ್ಲಿರುವ ಬೆಳಗಾವಿಯ ಕಡೆ ಅಕ್ಕಲದಾಡೆ ಎನ್ನುವರು. ಅಕ್ಕಲು ಎಂದರೂ ಬುದ್ಧಿಯೇ. ಅರಬ್ಬೀ ಭಾಷೆಯಲ್ಲಿಯೂ ಲ್ಯಾಟಿನ್ನಿನಲ್ಲಿಯೂ ಇದಕ್ಕೆ ಇದೇ ಅರ್ಥದ ಹೆಸರುಗಳಿವೆ. ಕೊರಿಯಾ ದೇಶದವರು ಮಾತ್ರ ಇದನ್ನು ಪ್ರೇಮದ ಹಲ್ಲೆಂದು ಕರೆಯುತ್ತಾರೆ. ಜಪಾನೀಯರು ತಂದೆತಾಯಿಗಳು ಅರಿಯದ ಹಲ್ಲೆನ್ನುತ್ತಾರೆ. ಮೊದಲ ದವಡೆಹಲ್ಲು ಆರನೆಯ ವಯಸ್ಸಿನ ಸುಮಾರಿಗೂ, ಎರಡನೆಯದು ಹನ್ನೆರಡರ ಸುಮಾರಿಗೂ ಬಂದರೆ, ಈ ಮೂರನೆಯದು ೧೭ರಿಂದ ೨೫ರ ನಡುವೆ, ಮಗನೋ ಮಗಳೋ ತಾಯಿಯ ಕಣ್ಗಾವಲಿನಿಂದ ದೂರವಾದ ಮೇಲೆ ಬರುವುದರಿಂದ ಈ ಹೆಸರು ಬಂದಿರಬೇಕು. ಆ ವಯಸ್ಸಿನಲ್ಲಿ ಬುದ್ಧಿ ಬರುವುದೋ ಪ್ರೇಮ ಬರುವುದೋ ಎಂಬ ಚರ್ಚೆಯನ್ನು ಕೇಳುವವರ ಅನುಭವಕ್ಕೇ ಬಿಟ್ಟುಬಿಡುತ್ತೇವೆ.

ಈ ವಿಷಯವನ್ನು ನಾವು ಗ್ರಂಥಗಳಿಂದ ಕಲಿತುದಕ್ಕಿಂತ ಹೆಚ್ಚಾಗಿ ಘಟಪ್ರಭೆಯ ಸೀಮೆಯ ಜನರ ಬಾಯಿಂದಲೇ ಕಲಿತೆವೆನ್ನಬೇಕು. ಇಲ್ಲಿ ಬಾಯಿ ಎಂಬ ಮಾತನ್ನು ಅದರ ನೇರವಾದ ಅರ್ಥದಲ್ಲಿಯೇ ಬಳಸಿದ್ದೇವೆ. ಹಿಡಕಲ್ಲಿನ ಜಲಾಶಯವನ್ನು ತನ್ನ ತಾಲೂಕಿನಲ್ಲಿ ಉಳ್ಳ ಹುಕ್ಕೇರಿ, ಸುಮಾರು ೧೭೦ ಅಡಿ ಎತ್ತರದಿಂದ ನದಿ ಧುಮುಕುವ ಗೋಕಾಕ, ಗೋಕಾಕದಿಂದ ಬೇರೆಯಾಗಿ ತಾಲೂಕಾದ ಮೂಡಲಗಿ, ಈ ಮೂರೂ ಒಂದೇ ಜಿಲ್ಲೆಯ ನೆರೆಹೊರೆಗಳು. ಜೋಳ, ಗೋವಿನಜೋಳ, ಕಬ್ಬು ಇಲ್ಲಿಯ ಬೆಳೆಗಳು. ಹಲ್ಲಿಗೆ ಕೆಲಸ ಕೊಡುವುದರಲ್ಲಿ ಈ ಸೀಮೆಯ ಆಹಾರವನ್ನು ಮೀರಿಸುವಂಥದು ಕಡಮೆ. ಕಟಕ ರೊಟ್ಟಿ, ಶೇಂಗಾದ ಹಿಂಡಿ, ಹೊಲದಲ್ಲಿ ನಿಂತು ಹಲ್ಲಿನಿಂದಲೇ ಸಿಗಿದು ತಿನ್ನುವ ಕಬ್ಬು. ಇವೆಲ್ಲಕ್ಕೂ ಮಿಗಿಲಾಗಿ ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಕೂಡಿಸಿ ಮಾಡಿದ ಗೋಕಾಕದ ಕರದಂಟು. ಕರದಂಟಿನ ಒಂದು ತುಣುಕನ್ನು ಸಮಾಧಾನದಿಂದ ಅಗಿದು ನುಂಗಬಲ್ಲವನ ದವಡೆಯನ್ನು ಪರೀಕ್ಷಿಸುವ ಅಗತ್ಯವೇ ಇಲ್ಲವೆಂದು ನಾವು ಮೊದಮೊದಲು ಹಾಸ್ಯಕ್ಕೆ ಹೇಳುತ್ತಿದ್ದೆವು. ಆ ಹಾಸ್ಯವನ್ನು ಬಿಡುವಂತೆ ಮಾಡಿದವನು ಮೂಡಲಗಿಯ ಕಡೆಯ ಒಬ್ಬ ಯುವಕ.

ಅವನಿಗೆ ಆಗ ೨೨ ವರ್ಷ. ಗಟ್ಟಿಮುಟ್ಟಾದ ಆಳು, ಹುಳುಕು ಹಲ್ಲೊಂದೂ ಮೇಲ್ನೋಟಕ್ಕೆ ಕಾಣದ ಬಾಯಿ. ಎಡಗಡೆ ಕೆಳದವಡೆಯ ಕೊನೆಯಲ್ಲಿ ಆರು ತಿಂಗಳಿಗೊಮ್ಮೆ ಬಾವು ಬಂದು ನಾಲ್ಕಾರು ದಿನಗಳಲ್ಲಿ ಇಳಿದುಹೋಗುತ್ತಿದ್ದಿತು. ಪರೀಕ್ಷಿಸಿದಾಗ ಬುದ್ಧಿಹಲ್ಲಿನ ಒಂದು ಮೂಲೆ ಮಾತ್ರ ವಸಡಿನಿಂದ ಇಣುಕುತ್ತಿದ್ದಿತು. ಉಳಿದುದನ್ನು ತೆಗೆಸಬೇಕೆಂದು ಹೇಳಿದೆವು. ಜೊತೆಗೆ ಬಂದಿದ್ದ ಅವನ ತಂದೆ, "ಡಾಕ್ಟರ್ ಸಾಹೇಬ್ರ, ಕಬ್ಬಿನ ಕಟಾವು ನಡದೈತ್ರಿ. ಸುಗ್ಗಿ ಒಂದ್ ಮುಗೀಲಿ, ಆಮ್ಯಾಲೆ ಕರ್ಕೊಂಡ್ ಬರ್ತೀನ್ರಿ" ಎಂದರು. ಮಾತು ನ್ಯಾಯವಾದುದೇ. ಕಬ್ಬು ಕಾಯುವುದಿಲ್ಲ; ಕಾರ್ಖಾನೆಯಂತೂ ಮೊದಲೇ ಕಾಯುವುದಿಲ್ಲ. ನಾವೂ ಒತ್ತಾಯ ಮಾಡಲಿಲ್ಲ. ಆ ದಿನ ಒತ್ತಾಯ ಮಾಡಬೇಕಾಗಿದ್ದಿತೆಂದು ಈಗ ಅನ್ನಿಸುತ್ತದೆ. ಅವನ ಮುಂದಿನ ಕಥೆಗೆ ಆಮೇಲೆ ಬರುತ್ತೇವೆ.

ಈ ಹಲ್ಲು ಸಿಕ್ಕಿಬೀಳುವುದೇಕೆ? ಹುಕ್ಕೇರಿಯ ನಿಲ್ದಾಣದಲ್ಲಿ ಸಂಜೆಯ ಕೊನೆಯ ಬಸ್ಸನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಮೊದಲು ಬಂದವರು ಕುಳಿತಿರುತ್ತಾರೆ. ಕೊನೆಗೆ ಬಂದವನು ಒಂದು ಕಾಲನ್ನು ಮೆಟ್ಟಿಲಮೇಲಿಟ್ಟು, ಓರೆಯಾಗಿ, ಮುಂದಿನವನ ಬೆನ್ನಿಗೆ ಹೆಗಲನ್ನು ಒತ್ತಿ ನಿಂತಿರುತ್ತಾನೆ. ಬುದ್ಧಿಹಲ್ಲಿನ ಗತಿಯೂ ಅದೇ. ಇತರ ಹಲ್ಲುಗಳು ತಮ್ಮ ತಮ್ಮ ಸ್ಥಾನಗಳನ್ನು ಹಿಡಿದ ಮೇಲೆ ಅದು ಹೊರಡುತ್ತದೆ. ಎರಡನೆಯ ದವಡೆಹಲ್ಲಿಗೂ ದವಡೆಯ ಎಲುಬು ಮೇಲಕ್ಕೆ ತಿರುಗುವ ಮೂಲೆಗೂ ನಡುವೆ ಉಳಿದಿರುವ ಜಾಗವು ಅದರ ಅಗಲಕ್ಕೆ ಸಾಲದಾದರೆ, ಬಹುತೇಕ ಮುಂದಕ್ಕೆ ವಾಲಿ ನೆರೆಯ ಹಲ್ಲಿಗೆ ತಲೆ ತಗುಲಿಸಿ ನಿಂತುಬಿಡುತ್ತದೆ. ಕೆಲವು ಪೂರ್ತಿಯಾಗಿ ಅಡ್ಡ ಮಲಗುತ್ತವೆ. ಕೆಲವು ನೆಟ್ಟಗಿದ್ದೂ ಮೇಲೇರಲಾರವು. ಕೆಲವು ಹಿಂದಕ್ಕೆ ವಾಲುತ್ತವೆ. ಅಮೆರಿಕದ ವಿಂಟರ್ ಎಂಬ ದಂತವೈದ್ಯನು ೧೯೨೬ರಲ್ಲಿ ಈ ವಾಲುವಿಕೆಯನ್ನೇ ಆಧಾರವಾಗಿಟ್ಟುಕೊಂಡು ಮಾಡಿದ ವಿಂಗಡಣೆಯನ್ನು ಇಂದಿಗೂ ದಂತವೈದ್ಯರು ಬಳಸುತ್ತಾರೆ.

ಪುರಾತನ ಮಾನವರ ತಲೆಬುರುಡೆಗಳಲ್ಲಿ ಬುದ್ಧಿಹಲ್ಲು ಸಾಲಿನಲ್ಲಿಯೇ ನಿಂತಿರುವುದು ಹೆಚ್ಚು. ಅವರ ಆಹಾರ ಒರಟು. ಅಗಿದು ಅಗಿದು ಹಲ್ಲುಗಳು ಮೇಲುಗಡೆ ಮಾತ್ರವಲ್ಲದೆ ಒಂದಕ್ಕೊಂದು ತಾಗುವ ಪಕ್ಕಗಳಲ್ಲಿಯೂ ಸವೆದು, ಸಾಲು ಮುಂದಕ್ಕೆ ಸರಿದು ಹಿಂದೆ ತೆರಪಾಗುತ್ತಿದ್ದಿತು. ಬಾಲ್ಯದಲ್ಲಿ ಗಟ್ಟಿ ಪದಾರ್ಥವನ್ನು ಅಗಿದವರ ದವಡೆ ಚೆನ್ನಾಗಿ ಬೆಳೆಯುತ್ತದೆಂದೂ ವಿದ್ವಾಂಸರು ಹೇಳುತ್ತಾರೆ. ಬೆಂದುದನ್ನೂ ಬೀಸಿದುದನ್ನೂ ತಿನ್ನುವ ನಮ್ಮ ದವಡೆಗೆ ಆ ಭಾಗ್ಯವಿಲ್ಲ. ಆದರೆ ಇದರಿಂದಲೇ ಎಲ್ಲವನ್ನೂ ಬಿಡಿಸಿ ಹೇಳಿಬಿಟ್ಟೆವೆಂದು ತಿಳಿಯಬಾರದು. ಹಲ್ಲಿನ ಗಾತ್ರ, ದವಡೆಯ ಉದ್ದ ಇವು ತಾಯಿತಂದೆಗಳಿಂದಲೂ ಬರತಕ್ಕವು. ರೊಟ್ಟಿ ಕಬ್ಬುಗಳಲ್ಲಿಯೇ ಬೆಳೆದ ನಮ್ಮ ಯುವಕನಿಗೂ ಹಲ್ಲು ಸಿಕ್ಕಿಬಿದ್ದಿತಲ್ಲವೆ?

ಈ ವ್ಯಾಧಿಯನ್ನು ಕಂಡುಹಿಡಿದವರು ಪಾಶ್ಚಾತ್ಯರೆಂದು ಭಾವಿಸುವುದು ಸರಿಯಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಮುಖರೋಗಗಳನ್ನು ಹೇಳುವಾಗ ಅಧಿಮಾಂಸವೆಂಬ ಒಂದು ರೋಗದ ಪ್ರಸ್ತಾಪವಿದೆ. ದವಡೆಯ ಕಟ್ಟಕಡೆಯ ಹಲ್ಲಿನ ಬಳಿ ದೊಡ್ಡ ಬಾವು, ಮಹತ್ತಾದ ನೋವು, ಬಾಯಿಂದ ಜೊಲ್ಲು ಸುರಿಯುವುದು, ಇವು ಅದರ ಲಕ್ಷಣಗಳು. ಇಂದಿನ ದಂತವೈದ್ಯನು ತನ್ನ ರೋಗಿಯ ಚೀಟಿಯಲ್ಲಿ ಬರೆದುಕೊಳ್ಳುವುದು ಇದಕ್ಕಿಂತ ಹೆಚ್ಚೇನೂ ಅಲ್ಲ. ಚಿಕಿತ್ಸಾಸ್ಥಾನದಲ್ಲಿ ಆ ಮಾಂಸವನ್ನು ಛೇದಿಸಿ, ಬಜೆ ಮೊದಲಾದುವುಗಳ ಚೂರ್ಣವನ್ನು ಜೇನಿನೊಡನೆ ಪ್ರಯೋಗಿಸಬೇಕೆಂದು ವಿಧಿಸಿದೆ. ಹೆಚ್ಚಾಗಿ ಹುಟ್ಟಿ ನೋವು ಕೊಡುವ ಹಲ್ಲನ್ನು ಕಿತ್ತು ಆ ಸ್ಥಳವನ್ನು ಸುಡಬೇಕೆಂಬ ಮಾತೂ ಅಲ್ಲಿಯೇ ಇದೆ. ನೋವು ಮರೆಸುವ ಸಾಧನಗಳಿಲ್ಲದ ಕಾಲದಲ್ಲಿ ಇದನ್ನು ಸಹಿಸಿದವರ ಧೈರ್ಯಕ್ಕೆ ನಮಸ್ಕಾರ ಮಾಡಬೇಕು.

ಆ ಬಾವು ಬರುವ ಬಗೆ ಹೀಗೆ. ಅರ್ಧ ಹೊರಬಂದ ಹಲ್ಲಿನ ಮೇಲೆ ವಸಡಿನ ಒಂದು ಪದರ ಮುಚ್ಚಳದಂತೆ ಉಳಿಯುತ್ತದೆ. ಆ ಮುಚ್ಚಳದ ಕೆಳಗೆ ಹೋದ ರೊಟ್ಟಿಯ ಚೂರು, ಶೇಂಗಾದ ಹಿಂಡಿ, ಬೆಲ್ಲದ ಅಂಟು ಹೊರಗೆ ಬರುವುದಿಲ್ಲ. ಬೇವಿನ ಕಡ್ಡಿಯೂ ಬ್ರಷ್ಷೂ ಅಲ್ಲಿಗೆ ಮುಟ್ಟುವುದಿಲ್ಲ. ಕೊಳೆತ ಆಹಾರದಲ್ಲಿ ಸೂಕ್ಷ್ಮಾಣುಗಳು ವೃದ್ಧಿಯಾಗಿ ವಸಡು ಊದಿಕೊಳ್ಳುತ್ತದೆ. ಊದಿದ ವಸಡನ್ನು ಮೇಲಿನ ಹಲ್ಲು ಕಡಿಯುತ್ತದೆ, ಕಡಿದಷ್ಟೂ ಊದುತ್ತದೆ. ಕ್ರಮೇಣ ಬಾಯಿ ತೆರೆಯುವುದು ಕಷ್ಟವಾಗುತ್ತದೆ, ನುಂಗುವಾಗ ನೋವು, ಕಿವಿಯಲ್ಲಿ ಸೆಳೆತ, ಜ್ವರ. ಕಿವಿನೋವೆಂದು ಕಿವಿಗೆ ಎಣ್ಣೆ ಹಾಕಿಸಿಕೊಂಡು ವಾರಗಟ್ಟಲೆ ಕಳೆದವರನ್ನು ನಾವು ಬಲ್ಲೆವು. ಉಪ್ಪುನೀರಿನಿಂದ ಮುಕ್ಕಳಿಸಿ, ವೈದ್ಯರು ಆ ಸಂದನ್ನು ತೊಳೆದು ಔಷಧ ಕೊಟ್ಟರೆ ಬಾವು ಇಳಿಯುತ್ತದೆ. ಆದರೆ ಮುಚ್ಚಳ ಮುಚ್ಚಳವಾಗಿಯೇ ಇರುವುದರಿಂದ ಮತ್ತೆ ಬರುತ್ತದೆ.

ಜನರು ಅಲಕ್ಷ್ಯಮಾಡುವುದು ಈ ಇಳಿತವನ್ನು ನಂಬಿಯೇ. ಎಲ್ಲ ಸಲವೂ ಅದು ಇಳಿದೇ ಇಳಿಯುವುದೆಂಬ ಭರವಸೆಯಿಲ್ಲ. ಕೆಳದವಡೆಯ ಬುದ್ಧಿಹಲ್ಲಿನ ಬೇರುಗಳು ನಾಲಿಗೆಯ ಕೆಳಗಿನ ಮತ್ತು ಗಂಟಲ ಪಕ್ಕದ ಸಡಿಲವಾದ ಸಂದುಗಳಿಗೆ ಬಹು ಸಮೀಪ. ಕೀವು ಆ ಹಾದಿಯನ್ನು ಹಿಡಿದರೆ ಗದ್ದದ ಕೆಳಭಾಗ ಹಲಗೆಯಂತೆ ಬಿಗಿದು, ನಾಲಿಗೆ ಮೇಲಕ್ಕೆದ್ದು, ಉಸಿರಿನ ದಾರಿಯೇ ಮುಚ್ಚಿಹೋಗಬಹುದು. ೧೮೩೬ರಲ್ಲಿ ಜರ್ಮನಿಯ ಲುಡ್ವಿಗ್ ಎಂಬ ವೈದ್ಯನು ವರ್ಣಿಸಿದ ಈ ಸ್ಥಿತಿಗೆ ಇಂದಿಗೂ ಅವನ ಹೆಸರೇ ಇದೆ. ದವಡೆಹಲ್ಲುಗಳ ಸೋಂಕೇ ಇದಕ್ಕೆ ಬಹುಪಾಲು ಕಾರಣ. ಬಾವಿನೊಡನೆ ನುಂಗಲು ಅಥವಾ ಉಸಿರಾಡಲು ತೊಂದರೆಯಾದರೆ ಬೆಳಗಾಗಲೆಂದು ಕಾಯದೆ, ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು.

ಇನ್ನೊಂದು ಹಾನಿ ಸದ್ದಿಲ್ಲದೆ ಆಗುವಂಥದು. ಓರೆಯಾಗಿ ಒರಗಿದ ಹಲ್ಲಿಗೂ ಅದರ ಮುಂದಿನ ಒಳ್ಳೆಯ ಹಲ್ಲಿಗೂ ನಡುವೆ ಆಹಾರ ನಿಂತು, ಆ ಒಳ್ಳೆಯ ಹಲ್ಲೇ ಹಿಂಬದಿಯಿಂದ ಹುಳುಕಾಗುತ್ತದೆ. ಉಪಯೋಗವಿಲ್ಲದ ಹಲ್ಲಿಗಾಗಿ ಉಪಯೋಗವುಳ್ಳ ಹಲ್ಲನ್ನು ಕಳೆದುಕೊಂಡಂತಾಗುತ್ತದೆ. ಎಲುಬಿನಲ್ಲಿ ಪೂರ್ತಿ ಹೂತ ಹಲ್ಲಿನ ಸುತ್ತ ನೀರುಚೀಲ ಬೆಳೆದು, ನೋವೇ ಇಲ್ಲದೆ ದವಡೆಯೆಲುಬನ್ನು ತೆಳುವಾಗಿಸುವುದೂ ಉಂಟು, ಇದು ಅಪರೂಪ.

ಹಾಗಾದರೆ ಸಿಕ್ಕಿಬಿದ್ದ ಹಲ್ಲುಗಳನ್ನೆಲ್ಲ ಕೀಳಿಸಿಬಿಡಬೇಕೆ? ಇಲ್ಲಿ ವೈದ್ಯರಲ್ಲಿಯೇ ಮತಭೇದವಿದೆ. ಯಾವ ರೋಗವೂ ಇಲ್ಲದ ಹಲ್ಲನ್ನು ಮುಂಜಾಗ್ರತೆಗೆಂದು ತೆಗೆಯುವ ಪದ್ಧತಿಯನ್ನು ನಿಲ್ಲಿಸಬೇಕೆಂದು ಇಂಗ್ಲೆಂಡಿನ ಸಾರ್ವಜನಿಕ ವೈದ್ಯವ್ಯವಸ್ಥೆಗೆ ೨೦೦೦ನೆಯ ಇಸವಿಯಲ್ಲಿ ಸಲಹೆ ಕೊಡಲಾಯಿತು. ಇತರ ಕಡೆಗಳಲ್ಲಿ, ವಯಸ್ಸಾದ ಮೇಲೆ ತೆಗೆಯುವುದು ಹೆಚ್ಚು ಕಷ್ಟವಾದುದರಿಂದ ಎಳೆಯ ವಯಸ್ಸಿನಲ್ಲಿಯೇ ತೆಗೆಯುವುದು ಮೇಲೆಂದು ವಾದಿಸುವವರಿದ್ದಾರೆ. ನಮ್ಮ ಅಭಿಪ್ರಾಯ ನಡುದಾರಿಯದು. ಪೂರ್ತಿ ಹೂತು ಸುಮ್ಮನೆ ಮಲಗಿರುವ ಹಲ್ಲನ್ನು ಎಬ್ಬಿಸುವುದು ಬೇಡ. ಆಗಾಗ ಚಿತ್ರ ತೆಗೆಸಿ ನೋಡುತ್ತಿದ್ದರೆ ಸಾಕು. ಎರಡನೆಯ ಸಲ ಬಾವು ಬಂದ, ತಾನು ಹುಳುಕಾದ ಅಥವಾ ನೆರೆಯದನ್ನು ಹುಳುಕುಮಾಡುತ್ತಿರುವ, ನೀರುಚೀಲ ಕಟ್ಟಿದ ಹಲ್ಲನ್ನು ಮಾತ್ರ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಬುದ್ಧಿಹಲ್ಲು ತಳ್ಳುವುದರಿಂದ ಮುಂದಿನ ಹಲ್ಲುಗಳು ಸೊಟ್ಟಗಾಗುತ್ತವೆಂದು ಹೆದರಿ ಮಗಳನ್ನು ಕರೆತರುವ ತಾಯಂದಿರು ಅನೇಕರು. ಈ ನಂಬಿಕೆಗೆ ಸಂಶೋಧನೆಗಳ ಬೆಂಬಲ ದೊರೆತಿಲ್ಲ. ಅದೊಂದೇ ಕಾರಣಕ್ಕಾಗಿ ಶಸ್ತ್ರಕ್ರಿಯೆ ಅನಾವಶ್ಯಕ.

ನಿರ್ಧಾರಕ್ಕೆ ಮೊದಲು ಕ್ಷ-ಕಿರಣದ ಚಿತ್ರ ಅವಶ್ಯಕ. ರಂಟ್ಗೆನ್ ಮಹಾಶಯನು ಈ ಕಿರಣಗಳನ್ನು ಕಂಡುಹಿಡಿದದ್ದು ೧೮೯೫ರ ಕೊನೆಯಲ್ಲಿ. ಕೆಲವೇ ವಾರಗಳಲ್ಲಿ ಜರ್ಮನಿಯ ವಾಲ್ಕಾಫ್ ಎಂಬ ದಂತವೈದ್ಯನು ತನ್ನ ಹಲ್ಲುಗಳ ಚಿತ್ರವನ್ನೇ ತೆಗೆಯಿಸಿದನು. ಅದಕ್ಕೆ ೨೫ ನಿಮಿಷ ಅಲುಗಾಡದೆ ಇರಬೇಕಾಯಿತು. ಈಗ ಕೆಲವು ಕ್ಷಣಗಳಲ್ಲಿ ಎರಡೂ ದವಡೆಗಳ ಪೂರ್ಣಚಿತ್ರ ಒಂದೇ ಹಾಳೆಯಲ್ಲಿ ಬರುತ್ತದೆ. ಹಲ್ಲು ಎಷ್ಟು ವಾಲಿದೆ, ಬೇರುಗಳು ನೆಟ್ಟಗಿವೆಯೋ ಕೊಕ್ಕೆಯಾಗಿವೆಯೋ ಎಂಬುದರ ಜೊತೆಗೆ, ಮುಖ್ಯವಾಗಿ ನೋಡುವುದು ಕೆಳದವಡೆಯ ಎಲುಬಿನೊಳಗೆ ಕಾಲುವೆಯಂತೆ ಸಾಗುವ ನರವು ಬೇರಿಗೆ ಎಷ್ಟು ಹತ್ತಿರವಿದೆ ಎಂಬುದನ್ನು. ಕೆಳತುಟಿಗೂ ಗದ್ದಕ್ಕೂ ಸ್ಪರ್ಶಜ್ಞಾನ ಕೊಡುವುದು ಈ ನರವೇ. ಇದಕ್ಕೆ ಪೆಟ್ಟು ಬಿದ್ದರೆ ತುಟಿ ಜೋಮು ಹಿಡಿದಂತೆ ಮರಗಟ್ಟುತ್ತದೆ. ನಾಲಿಗೆಯ ನರವೂ ಸಮೀಪದಲ್ಲಿಯೇ ಇದೆ. ಹೀಗಾಗುವುದು ಕೆಲವರಿಗೆ ಮಾತ್ರ, ಅವರಲ್ಲಿಯೂ ಬಹುಮಂದಿಗೆ ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಸರಿಹೋಗುತ್ತದೆ. ಅಲ್ಪಸ್ವಲ್ಪ ಮಂದಿಗೆ ಉಳಿದುಬಿಡುತ್ತದೆ. ಇದನ್ನು ರೋಗಿಗೆ ಮೊದಲೇ ಹೇಳುವುದು ವೈದ್ಯನ ಧರ್ಮ. ಕೇಳಿ ತಿಳಿಯುವುದು ರೋಗಿಯ ಹಕ್ಕು. ಬೇರು ನರಕ್ಕೆ ಅಂಟಿಕೊಂಡಂತೆ ಕಂಡರೆ ಹಲ್ಲಿನ ತಲೆಯನ್ನು ಮಾತ್ರ ಕತ್ತರಿಸಿ ತೆಗೆದು ಬೇರನ್ನು ಅಲ್ಲಿಯೇ ಬಿಡುವ ಕ್ರಮವೂ ಇದೆ.

ಶಸ್ತ್ರಕ್ರಿಯೆಯೆಂಬ ಶಬ್ದವೇ ಜನರನ್ನು ಅರ್ಧ ಕೊಲ್ಲುತ್ತದೆ. ಸಾಮಾನ್ಯವಾಗಿ ಇದಕ್ಕೆ ಮೂರ್ಛೆ ಬರಿಸಬೇಕಾಗಿಲ್ಲ. ಸ್ವೀಡನ್ನಿನ ಲೋಫ್‌ಗ್ರೆನ್ ೧೯೪೩ರಲ್ಲಿ ಸಿದ್ಧಪಡಿಸಿದ ಲಿಗ್ನೊಕೇನ್ ಎಂಬ ಔಷಧವನ್ನು ನರದ ಬುಡದಲ್ಲಿ ಚುಚ್ಚಿದರೆ ಆ ಪಕ್ಕದ ದವಡೆಯೆಲ್ಲ ಮರಗಟ್ಟುತ್ತದೆ. ಒತ್ತುವುದೂ ಎಳೆಯುವುದೂ ತಿಳಿಯುತ್ತದೆ, ನೋವು ತಿಳಿಯುವುದಿಲ್ಲ. ಆಮೇಲೆ ವಸಡನ್ನು ಕೊಯ್ದು ಪುಸ್ತಕದ ಹಾಳೆಯಂತೆ ಸರಿಸಿ, ಅಡ್ಡವಾದಷ್ಟು ಎಲುಬನ್ನು ನೀರು ಬಿಡುತ್ತಾ ಸಣ್ಣ ಬೈರಿಗೆಯಿಂದ ಕೊರೆದು, ಹಲ್ಲು ಇಡಿಯಾಗಿ ಬಾರದಿದ್ದರೆ ಎರಡು ಮೂರು ತುಂಡು ಮಾಡಿ ತೆಗೆಯುತ್ತಾರೆ. ನೀರು ಬಿಡದಿದ್ದರೆ ಎಲುಬು ಕಾವಿಗೆ ಸತ್ತುಹೋಗುತ್ತದೆ. ತುಂಡುಮಾಡುವುದೇಕೆಂದು ಕೆಲವರು ಆಕ್ಷೇಪಿಸುತ್ತಾರೆ. ಇಕ್ಕಟ್ಟಾದ ಬಾಗಿಲಿನಿಂದ ಮಂಚವನ್ನು ಹೊರತರುವವರು ಗೋಡೆ ಒಡೆಯುತ್ತಾರೆಯೆ, ಮಂಚವನ್ನು ಬಿಚ್ಚುತ್ತಾರೆಯೆ? ಕೊನೆಗೆ ನಾಲ್ಕಾರು ಹೊಲಿಗೆ. ಒಂದು ವಾರದ ಮೇಲೆ ಅವನ್ನು ತೆಗೆಯುವುದು.

ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಅಡ್ಡಿ ಬೇರೊಂದಿದೆ. ದವಡೆಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆಂಬ ಭಯ. ಓದಿದವರೂ ಇದಕ್ಕೆ ಹೊರತಲ್ಲ. ಹಲ್ಲಿನ ನರ, ಕಣ್ಣಿನ ಸುತ್ತ ಸ್ಪರ್ಶಜ್ಞಾನ ಕೊಡುವ ನರ, ಎರಡೂ ಒಂದೇ ಮರದ ಕೊಂಬೆಗಳೆಂಬುದು ನಿಜ. ಹಲ್ಲುನೋವು ಕಣ್ಣಿನತ್ತ ಸೆಳೆದಂತೆ ತೋರುವುದು ಇದರಿಂದಲೇ. ಆದರೆ ನೋಡುವ ನರವು ಮಿದುಳಿನಿಂದ ಬೇರೆಯಾಗಿಯೇ ಹೊರಟು ಕಣ್ಣಿಗೆ ಬರುತ್ತದೆ. ಹಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಹಲ್ಲು ಕೀಳಿಸುವ ವಯಸ್ಸೂ ಕನ್ನಡಕ ಬರುವ ವಯಸ್ಸೂ ಹಲವರಲ್ಲಿ ಒಂದೇ ಆದುದರಿಂದ ಈ ಅಪವಾದ ಹುಟ್ಟಿತೆಂದು ನಮ್ಮ ಊಹೆ.

ಕಿತ್ತ ಮೇಲಿನ ಪಥ್ಯವನ್ನು ಗೃಹಿಣಿಯರು ಲಕ್ಷ್ಯಕೊಟ್ಟು ಕೇಳಬೇಕು. ಕಚ್ಚಿಕೊಟ್ಟ ಅರಳೆಯನ್ನು ಅರ್ಧ ಗಂಟೆಯಿಂದ ಒಂದು ಗಂಟೆ ಬಿಗಿಯಾಗಿ ಕಚ್ಚಿರಬೇಕು. ಮೊದಲ ದಿನ ಮುಕ್ಕಳಿಸಬಾರದು, ಉಗುಳಬಾರದು. ಕುಳಿಯಲ್ಲಿ ಕಟ್ಟಿದ ರಕ್ತದ ಗಡ್ಡೆಯೇ ಗಾಯದ ಮುಲಾಮು. ಅದು ಕಳಚಿಹೋದರೆ ಎಲುಬು ಬಯಲಾಗಿ ಮೂರನೆಯ ನಾಲ್ಕನೆಯ ದಿನದ ಹೊತ್ತಿಗೆ ಮೊದಲಿನದಕ್ಕಿಂತ ಘೋರವಾದ ನೋವು ಬರುತ್ತದೆ. ಬೀಡಿ ಸಿಗರೇಟು ಸೇದುವವರಿಗೆ ಇದು ಹೆಚ್ಚು. ಕೆನ್ನೆಗೆ ಹೊರಗಿನಿಂದ ತಣ್ಣನೆಯ ಬಟ್ಟೆ ಇಡಬೇಕು. ಬಿಸಿ ಇಟ್ಟಿಗೆಯಿಂದ ಕಾವು ಕೊಡುವ ಅಜ್ಜಿಯರ ಪ್ರೀತಿ ದೊಡ್ಡದಾದರೂ ಕಾವು ಬಾವನ್ನು ಹೆಚ್ಚಿಸುತ್ತದೆ. ಅಂಬಲಿ, ಮೆತ್ತಗಿನ ಅನ್ನ, ಮಜ್ಜಿಗೆ ಆಹಾರ. ಕಟಕ ರೊಟ್ಟಿಗೆ ಹತ್ತು ದಿನ ರಜೆ. ಮಾರನೆಯ ದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು. ಸಕ್ಕರೆ ಕಾಯಿಲೆಯವರು, ರಕ್ತವನ್ನು ತಿಳಿಗೊಳಿಸುವ ಮಾತ್ರೆ ನುಂಗುವವರು, ಗರ್ಭಿಣಿಯರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ನಿಪ್ಪಾಣಿಯ ತಂಬಾಕು ಹುಕ್ಕೇರಿಗೆ ದೂರವಲ್ಲ. ನೋವಿಗೆ ತಂಬಾಕನ್ನೋ, ಸುಟ್ಟ ತಂಬಾಕಿನ ಮಶೇರಿಯನ್ನೋ ಒತ್ತಿಟ್ಟುಕೊಳ್ಳುವವರು ಇನ್ನೂ ಇದ್ದಾರೆ. ಇದರಿಂದ ಅಲ್ಪಕಾಲ ಜೋಮಾಗಬಹುದು. ರೋಗ ಹೋಗುವುದಿಲ್ಲ, ಹೊಸ ರೋಗ ಬರಬಹುದು. ಅಡಿಕೆ ಗುಟಖಾಗಳನ್ನು ಅಗಿಯುವವನಿಗೆ ಬಾಯಿ ತೆರೆಯಲಾಗದಿದ್ದರೆ ಬುದ್ಧಿಹಲ್ಲೇ ಕಾರಣವೆಂದು ತಾನೇ ತೀರ್ಮಾನಿಸಿಕೊಳ್ಳಬಾರದು; ಕೆನ್ನೆಯ ಒಳಪೊರೆ ನಾರುಗಟ್ಟಿ ಬಿಗಿಯುವ ಬೇರೊಂದು ವ್ಯಾಧಿಯಿದೆ, ಅದು ಕ್ಯಾನ್ಸರಿಗೆ ತಿರುಗಬಲ್ಲದು.

ನಮ್ಮ ಯುವಕನ ಕಥೆ ಉಳಿಯಿತು. ಕಟಾವು ಮುಗಿಯುವ ಮೊದಲೇ ಒಂದು ಮಧ್ಯರಾತ್ರಿ ಅವನನ್ನು ಟ್ರ್ಯಾಕ್ಟರಿನಲ್ಲಿ ಕರೆತಂದರು. ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ; ದವಡೆಯ ಕೆಳಗೆ ನಿಂಬೆಹಣ್ಣಿನ ಗಾತ್ರದ ಬಾವು; ಎರಡು ದಿನದಿಂದ ನೀರನ್ನಲ್ಲದೆ ಬೇರೇನನ್ನೂ ನುಂಗಿರಲಿಲ್ಲ. ಉಸಿರು ಮಾತ್ರ ಸುಗಮವಾಗಿದ್ದಿತು, ಅದೇ ಪುಣ್ಯ. ನಮ್ಮಿಂದಾಗುವ ಕೆಲಸವಲ್ಲವೆಂದು ಒಡನೆಯೇ ಬೆಳಗಾವಿಗೆ ಕಳುಹಿಸಿದೆವು. ಅಲ್ಲಿ ಕತ್ತಿನ ಹೊರಗಿನಿಂದ ಕೊಯ್ದು ಕೀವು ತೆಗೆದರು. ಎಂಟು ದಿನ ಆಸ್ಪತ್ರೆಯಲ್ಲಿದ್ದನು. ಬಾವು ಇಳಿದ ಮೇಲೆ ಬುದ್ಧಿಹಲ್ಲನ್ನು ತೆಗೆದಾಗ ಅದರ ಮುಂದಿನ ಹಲ್ಲೂ ಹಿಂಬದಿಯಲ್ಲಿ ತಿರುಳಿನವರೆಗೆ ಹುಳುಕಾಗಿದ್ದುದು ಕಂಡಿತು, ಅದನ್ನೂ ಕೀಳಬೇಕಾಯಿತು. ಮೊದಲೇ ಬಂದಿದ್ದರೆ ಅರ್ಧ ದಿನದ ಕೆಲಸ.

ಮರುವರ್ಷ ಸುಗ್ಗಿಗೆ ಮುಂಚೆ ಅವನು ತನ್ನ ತಮ್ಮನನ್ನು ಕರೆದುಕೊಂಡು ಬಂದನು. ತಮ್ಮನಿಗೆ ೧೯ ವರ್ಷ; ಒಮ್ಮೆ ಬಾವು ಬಂದು ಹೋಗಿದ್ದಿತು. ಚಿತ್ರ ತೆಗೆಸಿ ನೋಡಿದರೆ ಹಲ್ಲು ನೆಟ್ಟಗೇ ಇದ್ದು ಮೇಲೇರಲು ಜಾಗವೂ ಇದ್ದಿತು. ತೆಗೆಯಬೇಕಾದುದಿಲ್ಲ, ಶುಚಿಯಾಗಿಟ್ಟುಕೊಂಡು ಆರು ತಿಂಗಳು ಬಿಟ್ಟು ಬಾ ಎಂದೆವು. ಅಣ್ಣನಿಗೆ ಇದು ಸರಿಬರಲಿಲ್ಲ. "ತೆಗದ್ ಬಿಡ್ರಿ ಸಾಹೇಬ್ರ, ಮತ್ತ್ ಯಾಕ ಬೇಕು" ಎಂದು ಬಾಗಿಲವರೆಗೂ ಹೇಳುತ್ತಲೇ ಹೋದನು. ತಮ್ಮನ ಹಲ್ಲು ಈಗ ಪೂರ್ತಿಯಾಗಿ ಹೊರಬಂದು ಸಾಲಿನಲ್ಲಿ ನಿಂತಿದೆ.